ಅತ್ತೆಯ ಕಿಟಕಿಗೆ ಮೂವತ್ತಾರು ಅಕ್ಕಿಕಾಳು

ಕಂಪನಿಯ ವಿರುದ್ಧ ಕಟ್ಟಬೇಕಾದ ಬ್ಯಾನರಿನ ಬಣ್ಣ ಇನ್ನೂ ಒಣಗಿರಲಿಲ್ಲ. ಅದರ ಒಂದು ತುದಿಯನ್ನು ಅತ್ತೆ ಹಿಡಿದಿದ್ದರು, ಇನ್ನೊಂದು ತುದಿಯನ್ನು ಸೊಸೆ. ಸೊಸೆ ಕೆಲಸಕ್ಕಿದ್ದದ್ದು ಅದೇ ಕಂಪನಿಯಲ್ಲಿ.

"ಗಟ್ಟಿಯಾಗಿ ಹಿಡಿಯೇ, ನೆಲಕ್ಕೆ ತಾಗುತ್ತೆ."

"ಹಿಡ್ಕೊಂಡಿದ್ದೀನಿ ಅತ್ತೆ. ಇದು ನನ್ನ ಮಂಚದ ಮೇಲಿನ ಬೆಡ್‌ಶೀಟ್ ಅಲ್ವಾ?"

"ಹಳೇದು. ಒಂದು ಒಳ್ಳೆ ಕೆಲಸಕ್ಕೆ ಬಂತಲ್ಲ ಅಂತ ಸಂತೋಷಪಡು."

ಬೆಡ್‌ಶೀಟಿನ ಮೇಲೆ ಕೆಂಪು ಬಣ್ಣದಲ್ಲಿ, 'ಕಡಲು ನಮ್ಮ ಕಣ್ಣಿಗೆ, ಫ್ಯಾನು ನಿಮ್ಮ ಮನೆಗೆ' ಎಂದು ಬರೆದಿತ್ತು. ಬರೆದವನು ಅತ್ತೆಯ ಮಗ, ಅಂದರೆ ಸೊಸೆಯ ಗಂಡ. ಮನೆಯ ಬೀದಿಬದಿಯ ಕೋಣೆಯಲ್ಲಿ ಅವನ ಕಟಿಂಗ್ ಶಾಪು. ಮೇಲಿನ ಮಹಡಿಯಲ್ಲಿ ಅತ್ತೆಯ ಪುಟ್ಟ ಲಾಡ್ಜು. ಅಲ್ಲಿನ ಎರಡು ಕೋಣೆಗಳ ಬಾಗಿಲ ಮೇಲೆ 'ಸಮುದ್ರ ಕಾಣುತ್ತದೆ' ಎಂದೂ, ಹಿಂಬದಿಯ ಎರಡರ ಮೇಲೆ 'ಸಮುದ್ರ ಕೇಳಿಸುತ್ತದೆ' ಎಂದೂ ಪ್ರಾಮಾಣಿಕವಾಗಿ ಬರೆಸಿದ್ದರು. ಮಾವ ಹೋದ ಮೇಲೆ ಆ ಲಾಡ್ಜನ್ನು ಒಂಟಿಯಾಗಿ ನಡೆಸಿಕೊಂಡು ಬಂದವರು ಅತ್ತೆ. ಕಡಲು ಅವರ ಅಂಗಡಿಯ ಸರಕು. ಆ ಸರಕಿನ ನಡುಮಧ್ಯ ಯಾರೋ ಬಂದು ಕಂಬ ನೆಡುತ್ತಾರೆಂದರೆ ಸುಮ್ಮನಿರುವ ಜೀವವೇ ಅದು?

ಕಡಲಲ್ಲಿ ಗಾಳಿ ಕರೆಂಟು ಮಾಡುವುದೆಂದರೆ ಒಂದು ದಿನ ದೋಣಿಯಲ್ಲಿ ಹೋಗಿ ಫ್ಯಾನು ಸಿಕ್ಕಿಸಿ ಬರುವ ಕೆಲಸ ಎಂದು ಊರಿನ ಅರ್ಧ ಜನ ನಂಬಿದ್ದರು. ಸೊಸೆಯ ಕಂಪನಿ ಇಷ್ಟು ವರ್ಷಗಳಲ್ಲಿ ಒಂದು ರೆಕ್ಕೆಯನ್ನೂ ತಿರುಗಿಸಿರಲಿಲ್ಲ. ಮೊದಲು ಒಂದು ಹಳದಿ ತೇಲುಬುರುಡೆಯನ್ನು ನೀರಿಗೆ ಬಿಟ್ಟು ಅಲ್ಲಿ ಗಾಳಿ ಎಷ್ಟು ಬೀಸುತ್ತದೆಂದು ವರ್ಷಗಟ್ಟಲೆ ಅಳೆದಿದ್ದರು. ಆಮೇಲೆ ಹಡಗು ತಂದು ಕಡಲ ತಳವನ್ನು ತಡವಿ, ಎಲ್ಲಿ ಮರಳು, ಎಲ್ಲಿ ಬಂಡೆ ಎಂದು ನೋಡಿದ್ದರು. ಹಕ್ಕಿ ಎಣಿಸುವವರು ಬಂದು ವಾಂತಿ ಮಾಡಿಕೊಳ್ಳುತ್ತಲೇ ಹಕ್ಕಿ ಎಣಿಸಿದ್ದರು. ಮೀನುಗಾರರ ಜೊತೆ ಕೂತು, ಎದ್ದು, ಜಗಳವಾಡಿ, ಮತ್ತೆ ಕೂತಿದ್ದರು. ಇನ್ನು ಉಳಿದಿದ್ದು ದಡದ ಜನ ಏನನ್ನುತ್ತಾರೆಂದು ಸರ್ಕಾರ ಕೇಳುವ ಸಾರ್ವಜನಿಕ ವಿಚಾರಣೆ. ಜನರನ್ನು ಅದಕ್ಕೆ ಸಿದ್ಧಪಡಿಸುವುದೇ ಸೊಸೆಯ ಉದ್ಯೋಗ. ಊರಿನಲ್ಲಿ ಎಲ್ಲರೂ ಅವಳನ್ನು ಗಾಳಿಸೊಸೆ ಎಂದೇ ಕರೆಯುತ್ತಿದ್ದರು.

ಅತ್ತೆಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಬಾಸು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದ: "ನಿಮ್ಮೂರ ವಿಚಾರಣೆ ಸಲೀಸಾಗಿ ಮುಗಿದ್ರೆ ಅಲ್ಲೇ ಆಫೀಸು. ಮುಗೀಲಿಲ್ಲ ಅಂದ್ರೆ ಇಡೀ ತಂಡವನ್ನ ದೇಶದ ಆ ಕಡೆ ಕರಾವಳಿಗೆ ಕಳಿಸ್ತೀವಿ. ಪೆಟ್ಟಿಗೆ ಕಟ್ಕೊಳ್ಳಿ."

ಆ ಕಡೆಯ ಕರಾವಳಿ ಎಂದರೆ ಎರಡು ದಿನದ ರೈಲು. ಸೊಸೆಯ ಅಪ್ಪನಿಗೂ ವರ್ಗಾವಣೆಯ ಕೆಲಸವೇ ಇತ್ತು. ಅವಳ ಬಾಲ್ಯವೆಲ್ಲ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಸಾಗಿಸುವುದರಲ್ಲೇ ಕಳೆದಿತ್ತು. ಕತ್ತಲಲ್ಲೂ ಯಾವ ಮೆಟ್ಟಿಲು ಕಿರುಗುಟ್ಟುತ್ತದೆಂದು ಅವಳ ಕಾಲಿಗೆ ಗೊತ್ತಿದ್ದ ಮನೆ ಲೋಕದಲ್ಲಿ ಇದೊಂದೇ. ಬೈಯುವುದರಲ್ಲೂ ಬಡಿಸುವುದರಲ್ಲೂ ಕೈ ಬಿಗಿ ಹಿಡಿಯದ ಈ ಅತ್ತೆಯನ್ನು ಬಿಟ್ಟು ಹೋಗುವುದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

"ಹೇಳಿಬಿಡೇ ಅಮ್ಮನಿಗೆ," ಎಂದು ಗಂಡ ಗೋಗರೆದಿದ್ದ. "ಈ ಕ್ಷಣವೇ ಬ್ಯಾನರು ಹರಿದು ನೆಲ ಒರೆಸ್ತಾಳೆ."

"ಅದಕ್ಕೇ ಹೇಳಲ್ಲ ಕಣ್ರೀ. ನಾನು ಅತ್ತಿದ್ದಕ್ಕೆ ಕೊಟ್ಟ ಒಪ್ಪಿಗೆ ಒಪ್ಪಿಗೆ ಆಗುತ್ತಾ? ಅವರ ಕಿಟಕಿ ಅವರದು. ನೀವೂ ಬಾಯಿ ಬಿಡಬಾರದು. ಆಣೆ ಮಾಡಿ."

ಅವನು ಆಣೆ ಮಾಡಿದ. ಕ್ಷೌರಿಕನಿಗೆ ಇಂಥ ಆಣೆ ಹಾಕಿಸುವುದು ನೀರಿನಲ್ಲಿರುವ ಮೀನಿಗೆ ಈಜಬೇಡ ಅಂದಂತೆ. ಅವನ ಹೊಟ್ಟೆ ಅಂದಿನಿಂದ ಉಬ್ಬತೊಡಗಿತು. ಗಿರಾಕಿಗಳು ಏನೇ ಕೇಳಲಿ, "ಹೂಂ, ಹೂಂ," ಎಂದಷ್ಟೇ ಹೇಳಿ ಕತ್ತರಿ ಆಡಿಸುತ್ತಿದ್ದ. ಮಾತು ತಡೆದ ರಭಸಕ್ಕೆ ಇಬ್ಬರ ಕಿವಿಯ ಮೇಲಿನ ಕೂದಲು ಬೇಕಾದ್ದಕ್ಕಿಂತ ಹೆಚ್ಚೇ ಹೋಯಿತು.

ಕಂಪನಿ ಮೊದಲು ಕಳಿಸಿದ್ದು ಫೋಟೋಗಳನ್ನು. ದಡದಿಂದ ತೆಗೆದ ಚಿತ್ರದ ಮೇಲೆ ಕಂಪ್ಯೂಟರಿನಲ್ಲಿ ಫ್ಯಾನುಗಳನ್ನು ಕೂರಿಸಿ, ಗೋಡೆಯಗಲ ಮುದ್ರಿಸಿ, ಪುರಭವನದಲ್ಲಿ ತೂಗುಹಾಕಿದ್ದರು. ನೋಡಲು ಬಂದ ಊರಿನ ಟೈಲರು ಟೇಪು ಹಿಡಿದು ಚಿತ್ರದ ಮೇಲಿನ ಫ್ಯಾನನ್ನು ಅಳೆದ.

"ಇದು ಮೋಸ. ಕಂಪ್ಯೂಟರಲ್ಲಿ ಚಿಕ್ಕದು ಮಾಡಿದ್ದಾರೆ," ಎಂದು ತೀರ್ಪು ಕೊಟ್ಟ.

"ಚಿಕ್ಕದು ಮಾಡೋದು ಇವನಿಗೆ ಚೆನ್ನಾಗಿ ಗೊತ್ತು," ಎಂದು ಅತ್ತೆ ಪಕ್ಕದಲ್ಲಿದ್ದವರಿಗೆ ಕೇಳುವ ಹಾಗೆ ಹೇಳಿದರು. ಸಮುದ್ರ ಕಾಣುವ ಕೋಣೆಗಳಿಗೆ ಅವನು ಹೊಲಿದುಕೊಟ್ಟ ಪರದೆಗಳು ಕಿಟಕಿಯ ಅರ್ಧಕ್ಕೇ ನಿಂತಾಗಿನಿಂದ ಇಬ್ಬರಿಗೂ ಮಾತಿಲ್ಲ. ಕಂಪನಿಯನ್ನು ವಿರೋಧಿಸುವುದರಲ್ಲಿ ಮಾತ್ರ ಇಬ್ಬರೂ ಒಂದೇ. ಹಾಗಾಗಿ ವಿರೋಧ ಸಮಿತಿಯ ಸಭೆಗಳಲ್ಲಿ ಅವರು ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಕುರ್ಚಿಗಳಿಗೆ ಹೇಳುತ್ತಿದ್ದರು.

ಫೋಟೋ ಕೈಕೊಟ್ಟ ಮರುದಿನ ಸೊಸೆ ಅಡುಗೆಮನೆಯಲ್ಲಿ ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದಳು. ಒಂದು ಕಾಳನ್ನು ಎತ್ತಿ, ಕಲ್ಲೋ ಅಕ್ಕಿಯೋ ಎಂದು ಬೆಳಕಿಗೆ ಹಿಡಿದಳು. ಕಿಟಕಿಯಾಚೆ ದೂರದಲ್ಲೊಂದು ಹಡಗು ಹೋಗುತ್ತಿತ್ತು. ಕಾಳಿನ ಹಿಂದೆ ಹಡಗು ಪೂರ್ತಿ ಮರೆಯಾಯಿತು.

ಮೊರವನ್ನು ಅಲ್ಲೇ ಬಿಟ್ಟು ಓಡಿಹೋಗಿ ಲೆಕ್ಕ ಹಾಕಿದಳು. ಒಂದೊಂದು ಫ್ಯಾನೂ ಎಂಬತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರ. ಆದರೆ ಅದು ನಿಲ್ಲುವುದು ದಡದಿಂದ ಇಪ್ಪತ್ತೆರಡು ಕಿಲೋಮೀಟರು ಆಚೆ. ಅಷ್ಟು ದೂರದಿಂದ ಅದು ಕಾಣುವುದು, ಕೈ ಚಾಚಿ ಹಿಡಿದ ಒಂದು ಅಕ್ಕಿಕಾಳಿನಷ್ಟು. ಲೆಕ್ಕ ಸರಿಯಾಗಿಯೇ ಬಂತು. ಅಕ್ಕಿಯನ್ನು ಯಾವ ಕಂಪ್ಯೂಟರೂ ಚಿಕ್ಕದು ಮಾಡಲಾರದು!

ಬಾಸಿಗೆ ಫೋನು ಮಾಡಿದಳು.

"ಅಕ್ಕಿಯಾ?" ಎಂದ ಬಾಸು.

"ಹೌದು ಸರ್, ಅಕ್ಕಿ."

"ಬೇಯಿಸಿದ್ದಾ?"

"ಹಸಿ ಅಕ್ಕಿ ಸರ್. ಬೇಯಿಸಿದ್ರೆ ಊದುತ್ತೆ, ಲೆಕ್ಕ ತಪ್ಪುತ್ತೆ."

ಲೆಕ್ಕದ ಮಾತು ಬಂದದ್ದರಿಂದ ಬಾಸಿಗೆ ಅದು ತಾಂತ್ರಿಕ ವಿಷಯ ಅನ್ನಿಸಿರಬೇಕು. ಒಪ್ಪಿದ.

ಆ ಭಾನುವಾರ ಸೊಸೆ ಬೀಚಿನಲ್ಲಿ ನಿಂತು ಬಂದವರಿಗೆಲ್ಲ ಒಂದೊಂದು ಅಕ್ಕಿಕಾಳು ಹಂಚಿದಳು. ಊರಿಗೆ ಊರೇ ಒಂದು ಕಣ್ಣು ಮುಚ್ಚಿ, ಒಂದು ಕೈ ಚಾಚಿ, ಕಡಲಂಚಿಗೆ ಅಕ್ಕಿ ಹಿಡಿದು ನಿಂತಿತು. ಅದೇ ಹೊತ್ತಿಗೆ ಹಾದುಹೋದ ದೋಣಿಯ ಪ್ರಯಾಣಿಕರು, ಇವರೇನು ಕಡಲಿಗೆ ತುತ್ತು ತಿನ್ನಿಸುತ್ತಿದ್ದಾರೆಯೇ ಎಂದು ಎದ್ದು ನಿಂತು ನೋಡಿದರು.

"ಇಷ್ಟೇನಾ?" ಎಂದಳು ಮೀನು ಮಾರುವವಳು. ಅವಳ ದನಿಯಲ್ಲಿ ನಿರಾಸೆ ಇತ್ತು. ಒಂದು ತಿಂಗಳಿಂದ ಇದಕ್ಕಾಗಿ ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು.

"ಇದು ಸಣ್ಣಕ್ಕಿ!" ಎಂದು ಟೈಲರು ಪತ್ತೆ ಹಚ್ಚಿದ. "ಬೇಕಂತಲೇ ಸಣ್ಣಕ್ಕಿ ತಂದಿದ್ದಾರೆ. ದಪ್ಪಕ್ಕಿ ತನ್ನಿ."

ದಪ್ಪಕ್ಕಿ ಬಂತು. ಆಮೇಲೆ ತೋಳಿನ ಸಮಸ್ಯೆ ಎದ್ದಿತು. ಉದ್ದ ತೋಳಿನವರಿಗೆ ಕಾಳು ಚಿಕ್ಕದಾಗಿ ಕಾಣುತ್ತದೆ, ಗಿಡ್ಡ ತೋಳಿನವರಿಗೆ ದೊಡ್ಡದಾಗಿ ಕಾಣುತ್ತದೆ, ಹಾಗಾದರೆ ಯಾರ ತೋಳು ಸರ್ಕಾರಿ ತೋಳು? ಟೈಲರು ಟೇಪು ಬಿಚ್ಚಿ ಸಾಲಾಗಿ ಎಲ್ಲರ ತೋಳು ಅಳೆದ. ಅಳೆಯುತ್ತ ಅಳೆಯುತ್ತ ನಾಲ್ಕು ಅಂಗಿಗೆ ಆರ್ಡರು ಹಿಡಿದ.

ತೋಳಿನ ಜಗಳ ಮುಗಿಸಲೆಂದೇ ಸೊಸೆ ಕಿಟಕಿಯ ಉಪಾಯ ಹೂಡಿದಳು. ಕಡಲಿಗೆ ಮುಖಮಾಡಿದ ಪ್ರತಿ ಮನೆಗೂ ಒಂದೊಂದು ಪ್ಲಾಸ್ಟಿಕ್ ಹಾಳೆ ಕೊಟ್ಟಳು. ಗಾಜಿನ ಹಾಗೆ ಆಚೆ ಕಾಣುವ ಹಾಳೆ. ಆ ಮನೆಯಿಂದ ನೋಡಿದರೆ ಕಡಲಂಚಿನಲ್ಲಿ ಎಲ್ಲೆಲ್ಲಿ ಫ್ಯಾನು ಕಾಣುತ್ತದೋ ಅಲ್ಲಲ್ಲಿ ಒಂದೊಂದು ಚುಕ್ಕೆ ಹಾಕಿದ್ದಳು, ಒಟ್ಟು ಮೂವತ್ತಾರು.

"ಚುಕ್ಕೆ ಮೇಲೆ ನೀವೇ ಅಕ್ಕಿ ಅಂಟಿಸಿ," ಎಂದಳು ಮನೆಮನೆಗೂ ಹೋಗಿ. "ಕಿಟಕಿಗೆ ಹಾಳೆ ಕಟ್ಟಿ, ಒಂದು ಮಾರು... ಅಲ್ಲ, ಟೈಲರಣ್ಣ ಹೇಳಿದ ಅಳತೆಗೆ ದೂರ ಕುರ್ಚಿ ಹಾಕಿ ಕೂತು ನೋಡಿ. ವಿಚಾರಣೆ ತನಕ ಅದರ ಜೊತೆ ಬದುಕಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ."

ಅವಳು ಮಾಡಿದ ತಪ್ಪು ಅದೇ. ತಮ್ಮ ಕೈಯಾರೆ ಅಂಟಿಸಿದರೆ ಜನರ ಸಿಟ್ಟು ಕರಗುತ್ತದೆ ಎಂದುಕೊಂಡಿದ್ದಳು. ಕರಗಿತು ಕೂಡ. ಆದರೆ ತನ್ನ ಕೈಯಾರೆ ಅಂಟಿಸಿದ್ದನ್ನು ಮನುಷ್ಯ ತನ್ನದು ಅಂದುಕೊಳ್ಳುತ್ತಾನೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಮೊದಲ ಎರಡು ದಿನ ಅತ್ತೆ ಹಾಳೆಯ ಮುಂದೆ ಕೂತು ಕಾಳುಗಳನ್ನು ಗುರಾಯಿಸಿದರು. ಮೂರನೆಯ ದಿನ ಬೆಳಗಿನ ಕಾಫಿ ಅಲ್ಲಿಗೇ ತರಿಸಿಕೊಂಡರು.

"ಲೇ, ಇಲ್ಲಿ ಬಾ," ಎಂದು ಕರೆದರು. "ಈ ಕೊನೇದು ಯಾಕೆ ಹೀಗೆ ಒಂದೇ ನಿಂತಿದೆ?"

ಸೊಸೆ ಬಂದು ನೋಡಿದಳು. ಎಲ್ಲ ಕಾಳುಗಳೂ ಒಂದು ಕಡೆ ಸಾಲಾಗಿದ್ದರೆ, ಬಲತುದಿಯಲ್ಲಿ ಒಂದು ಮಾತ್ರ ದೂರ ಸರಿದು ನಿಂತಿತ್ತು. "ಅದು ಮೊದಲು ನಿಲ್ಲಬೇಕಿದ್ದ ಜಾಗದಲ್ಲಿ ನೀರಿನ ತಳಕ್ಕೆ ಬಂಡೆ ಇದೆ ಅತ್ತೆ. ಬಂಡೆಗೆ ಕಂಬ ಇಳಿಯಲ್ಲ. ಅದಕ್ಕೇ ಆಚೆ ಸರಿಸಿದ್ದಾರೆ."

"ಪಾಪ ಅಲ್ವೇನೇ? ಉಳಿದವೆಲ್ಲ ಒಟ್ಟಿಗೆ ಇವೆ, ಇದೊಂದು ಜಗಳ ಮಾಡ್ಕೊಂಡು ಹೋದ ಹಾಗಿದೆ. ಇಲ್ನೋಡು, ಇಲ್ಲಿ ಮೂರು ತಲೆ ಸೇರಿಸಿ ಅದರ ಬಗ್ಗೆಯೇ ಗುಸುಗುಸು ಮಾತಾಡ್ತಿವೆ."

"ಅತ್ತೆ, ಅವು ಫ್ಯಾನುಗಳು."

"ನನಗೂ ಕಣ್ಣಿದೆ."

ಮರುದಿನ ನೋಡಿದರೆ ಒಂಟಿ ಕಾಳು ಗುಂಪಿನೊಳಗೆ ಬಂದು ಕೂತಿತ್ತು. ಗುಸುಗುಸು ಮಾತಾಡುತ್ತಿದ್ದ ಮೂರನ್ನೂ ದೂರ ದೂರ ಕೂರಿಸಲಾಗಿತ್ತು. ಅತ್ತೆಯ ಉಗುರಿನಲ್ಲಿ ಮೈದಾ ಅಂಟು.

"ಅತ್ತೆ! ಹಾಗೆ ಸರಿಸಬಾರದು!"

"ಯಾಕೆ? ನನ್ನ ಮನೆ ಅಕ್ಕಿ."

ಅತ್ತೆಯೊಬ್ಬರೇ ಹೀಗೆ ಮಾಡಿದ್ದರೆ ಸೊಸೆ ನಕ್ಕು ಸುಮ್ಮನಾಗುತ್ತಿದ್ದಳು. ಸಂಜೆ ಅವಳು ಊರಿನ ಮನೆಗಳಿಗೆ ಒಂದು ಸುತ್ತು ಹೊಡೆದಳು. ಟೈಲರ ಮನೆಯಲ್ಲಿ ಕಾಳುಗಳು ಅಂಕುಡೊಂಕಾಗಿ, ಒಳ್ಳೆ ಕಸೂತಿಯ ಹಾಗೆ ಕೂತಿದ್ದವು. ಮೀನು ಮಾರುವವಳು ನಡುವಿನ ಎಂಟು ಕಾಳು ಕಿತ್ತು, ತನ್ನ ಗಂಡನ ದೋಣಿ ಬರುವುದು ಕಾಣಲಿ ಎಂದು ಬಾಗಿಲಿನಷ್ಟು ಜಾಗ ಬಿಟ್ಟಿದ್ದಳು. ಔಷಧಿ ಅಂಗಡಿಯವನು ಎಲ್ಲವನ್ನೂ ಜೋಡಿ ಜೋಡಿಯಾಗಿ, ಮಾತ್ರೆಯ ಹಾಳೆಯಂತೆ ಅಂಟಿಸಿದ್ದ. ಇನ್ನೊಂದು ಮನೆಯಲ್ಲಿ ಕಾಳುಗಳೇ ಇರಲಿಲ್ಲ. ಇರುವೆಗಳು ಇಡೀ ಯೋಜನೆಯನ್ನು ಹೊತ್ತುಕೊಂಡು ಗೋಡೆ ಹತ್ತುತ್ತಿದ್ದವು.

ಸೊಸೆ ಕಂಪನಿಯ ಇಂಜಿನಿಯರನ್ನು ಕರೆಸಿದಳು. ಯಾವ ಫ್ಯಾನು ಎಲ್ಲಿ ನಿಲ್ಲಬೇಕು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನು ಅವನು. ಅವನು ಬಂದು, ಅತ್ತೆಯ ಕಿಟಕಿಯ ಮುಂದೆ ಕೂತು, ಕಣ್ಣು ಒರೆಸಿಕೊಂಡ.

"ಅಮ್ಮಾ, ಎರಡು ಫ್ಯಾನು ಇಷ್ಟು ಹತ್ತಿರ ಇರಬಾರದು. ಮುಂದಿನದು ಗಾಳಿಯ ಶಕ್ತಿಯನ್ನೆಲ್ಲ ಹೀರಿ ಬಿಟ್ಟಮೇಲೆ ಹಿಂದಿನದಕ್ಕೆ ಏನು ಉಳಿಯುತ್ತೆ ಹೇಳಿ? ಅದಕ್ಕೆ ಸಿಗೋದು, ಹೇಗೆ ಹೇಳಲಿ, ಎಂಜಲು ಗಾಳಿ."

ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ಎಂಜಲು?"

"ಹೌದಮ್ಮಾ."

"ಅಂದ್ರೆ ನಿಮ್ಮ ಕಂಪನಿ ಹಿಂದಿನ ಸಾಲಿನವರಿಗೆ ಎಂಜಲು ತಿನ್ನಿಸುತ್ತಾ? ನಾಚಿಕೆ ಆಗಲ್ವೇನಪ್ಪಾ? ಎಲ್ಲರನ್ನೂ ಮುಂದಿನ ಸಾಲಲ್ಲಿ ಕೂರಿಸಿ!"

ಇಂಜಿನಿಯರು ಸಂಜೆಯ ಬಸ್ಸಿಗೇ ವಾಪಸು ಹೋದ. ಎಂಜಲು ಗಾಳಿಯ ಸುದ್ದಿ ಮಾತ್ರ ಹೋಗಲಿಲ್ಲ. ಕಟಿಂಗ್ ಶಾಪಿನಿಂದ ಹೊರಟು ಉಪ್ಪುಖಾರ ಹಚ್ಚಿಸಿಕೊಂಡು ಊರೆಲ್ಲ ತಿರುಗಿತು.

ವಿಚಾರಣೆಯ ದಿನ ಪುರಭವನ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಸರ್ಕಾರದ ವಿಚಾರಣಾಧಿಕಾರಿ. ಎಲ್ಲವನ್ನೂ ಕೇಳಿ ಕೇಳಿ ಮುಖದಲ್ಲಿ ಆಶ್ಚರ್ಯವೇ ಉಳಿಯದ ಹೆಂಗಸು. ಒಂದು ಬದಿಯಲ್ಲಿ ಕಂಪನಿಯ ಪರವಾಗಿ ಸೊಸೆ. ಮುಂದಿನ ಸಾಲಿನಲ್ಲಿ ಅತ್ತೆ, ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡ ಗಂಡ. ಬ್ಯಾನರು ಎಲ್ಲೂ ಕಾಣಲಿಲ್ಲ. ಅದರ ಬದಲು ಮನೆಗೊಂದರಂತೆ ಎಲ್ಲರ ಕೈಯಲ್ಲೂ ಕಿಟಕಿಯ ಹಾಳೆ.

"ಯೋಜನೆಗೆ ಆಕ್ಷೇಪಣೆ ಇರೋರು ಕೈ ಎತ್ತಿ," ಎಂದರು ಅಧಿಕಾರಿ.

ಒಂದು ಕೈಯೂ ಏಳಲಿಲ್ಲ. ಸೊಸೆಗೆ ಜೀವ ಬಂತು.

"ಹಾಗಾದ್ರೆ ಆಕ್ಷೇಪಣೆ ಇಲ್ಲ ಅಂತ..."

"ಫ್ಯಾನಿಗೆ ಇಲ್ಲ ಮೇಡಂ," ಎಂದು ಟೈಲರು ಎದ್ದ. "ಇಟ್ಟ ರೀತಿಗೆ ಇದೆ. ಹೀಗಿರಬೇಕು." ತನ್ನ ಕಸೂತಿಯನ್ನು ಎತ್ತಿ ತೋರಿಸಿದ.

"ಅದ್ಯಾಕೆ ಹಾಗೆ? ಹೀಗಿರಬೇಕು!" ಎಂದ ಔಷಧಿ ಅಂಗಡಿಯವನು.

"ನನ್ನ ಗಂಡ ಎಲ್ಲಿಂದ ಬರಬೇಕು ಹಾಗಾದ್ರೆ?" ಎಂದಳು ಮೀನು ಮಾರುವವಳು.

ಎಲ್ಲರೂ ಒಟ್ಟಿಗೆ ಎದ್ದು, ತಮ್ಮ ತಮ್ಮ ಹಾಳೆ ಹಿಡಿದು ವೇದಿಕೆ ಹತ್ತಿದರು. ಅಧಿಕಾರಿಯ ಮೇಜಿನ ಮೇಲೆ ಹಾಳೆಯ ಮೇಲೆ ಹಾಳೆ ಬಿತ್ತು. ಒಂದು ಇರುವೆ ಕಡತದೊಳಗೆ ನಡೆದುಹೋಯಿತು. ಅಷ್ಟರಲ್ಲಿ ಯಾರದೋ ಕಣ್ಣಿಗೆ ಬಿತ್ತು: ಕಾಳು ಸರಿಸುವ ಮುಂಚಿನ ಚುಕ್ಕೆಗಳು ಒಂದು ಮನೆಯ ಹಾಳೆಯಲ್ಲಿದ್ದಂತೆ ಇನ್ನೊಂದು ಮನೆಯ ಹಾಳೆಯಲ್ಲಿ ಇರಲಿಲ್ಲ!

"ನಮ್ಮ ಮನೆಗೆ ಒಂದು, ಅವರ ಮನೆಗೆ ಒಂದಾ? ಮೋಸ!"

"ಮೋಸ ಅಲ್ಲ!" ಎಂದು ಸೊಸೆ ಕುರ್ಚಿಯ ಮೇಲೆ ಹತ್ತಿ ಕೂಗಿದಳು. "ಫ್ಯಾನುಗಳು ಇದ್ದಲ್ಲೇ ಇರ್ತವೆ. ನೀವು ನಿಂತ ಜಾಗ ಬೇರೆ, ಅದಕ್ಕೇ ಕಾಣೋದು ಬೇರೆ! ಬೀದಿದೀಪದ ಕಂಬಗಳು ಈ ತುದಿಯಿಂದ ಒಂದು ಥರ, ಎದುರು ಅಂಗಡಿಯಿಂದ ಒಂದು ಥರ ಕಾಣಲ್ವಾ?"

ಅಧಿಕಾರಿ ಮೇಜು ತಟ್ಟಿದರು. "ಕೇಳಿ. ಒಂದೇ ಒಂದು ಫ್ಯಾನಿನ ಜಾಗ ಬದಲಾಗಬೇಕು ಅಂತ ಆಕ್ಷೇಪಣೆ ದಾಖಲಾದ್ರೂ ತಳದ ಪರೀಕ್ಷೆ, ಹಕ್ಕಿ, ಗಾಳಿಯ ಲೆಕ್ಕ, ಎಲ್ಲಾ ಮೊದಲಿಂದ ಆಗಬೇಕು. ಆಗ ಈ ವಿಚಾರಣೆ ಇಲ್ಲಿಗೆ ರದ್ದು. ಯಾರಾದ್ರೂ ದಾಖಲಿಸ್ತೀರಾ?"

ಗಲಾಟೆ ಸ್ವಲ್ಪ ತಗ್ಗಿತು. ಆಗ ಅತ್ತೆ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು.

"ನಾನು ದಾಖಲಿಸ್ತೀನಿ. ಕೊನೆಯ ಆ ಒಂಟಿಯನ್ನ ಗುಂಪಿಗೆ ಸೇರಿಸಬೇಕು. ಅಷ್ಟು ದೂರ, ನೀರಿನ ಮಧ್ಯೆ, ಒಬ್ಬಂಟಿಯಾಗಿ ಯಾರನ್ನೂ ನಿಲ್ಲಿಸಬಾರದು. ಬರ್ಕೊಳ್ಳಿ."

ಅಧಿಕಾರಿ ಪೆನ್ನು ತೆಗೆದರು. ಸೊಸೆ ಕುರ್ಚಿಯಿಂದ ಇಳಿದಳು. ಅವಳಿಗೆ ಬೇಡವೆಂದರೂ ಪೆಟ್ಟಿಗೆಗಳು, ಹಗ್ಗ, ರೈಲಿನ ಕಿಟಕಿ ಎಲ್ಲ ಕಣ್ಣ ಮುಂದೆ ಬಂದವು. ಗಂಡನ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದಳು. ಗಂಡನ ಮುಖ ಕೆಂಪಗಾಗಿ, ಕೆನ್ನೆ ಉಬ್ಬಿ, ಕಣ್ಣು ಹೊರಗೆ ಬಂದಿದ್ದವು. ಒಂದು ತಿಂಗಳಿಂದ ಒಳಗಿದ್ದದ್ದು ಕುಕ್ಕರಿನ ವಿಷಲಿನಂತೆ ಹೊರಬಿತ್ತು.

"ಅಮ್ಮಾ! ಅದನ್ನ ಸರಿಸಿದ್ರೆ ಇವಳು ಹೋಗ್ತಾಳೆ!"



"ಯಾರು ಹೋಗ್ತಾಳೆ?" ಎಂದರು ಅತ್ತೆ.

"ಇವಳು! ವಿಚಾರಣೆ ಕೆಟ್ಟರೆ ಇವಳನ್ನ ಆ ಕಡೆ ಕರಾವಳಿಗೆ ವರ್ಗ ಮಾಡ್ತಾರೆ. ಎರಡು ದಿನ ರೈಲು! ಇವಳ ಹಿಂದೆ ನಾನೂ ಹೋಗಬೇಕು, ಅಲ್ಲಿ ನನಗೆ ಒಂದು ಗಿರಾಕಿಯೂ ಇಲ್ಲ, ಅಯ್ಯೋ, ಹೇಳಿಬಿಟ್ಟೆ, ಅಬ್ಬಾ!" ಎಂದು ಕುರ್ಚಿಗೆ ಒರಗಿದ. ಅವನ ಮುಖದಲ್ಲಿ ಅಪರಾಧಕ್ಕಿಂತ ಹೆಚ್ಚಾಗಿ ನೆಮ್ಮದಿಯೇ ಕಾಣುತ್ತಿತ್ತು.

ಅತ್ತೆ ಸೊಸೆಯ ಕಡೆ ತಿರುಗಿದರು. "ನಿಜವಾ?"

"ನಿಜ ಅತ್ತೆ."

"ಒಂದೇ ತಟ್ಟೆಯಲ್ಲಿ ಹಪ್ಪಳ ಮುರಿದು ತಿಂತೀಯ, ಇದನ್ನ ಹೇಳೋಕೆ ಬಾಯಿ ಬರಲಿಲ್ವಾ?"

"ಹೇಳಿದ್ರೆ ನೀವು ನನಗೋಸ್ಕರ ಹೂಂ ಅಂತಿದ್ರಿ. ಕಿಟಕಿ ನಿಮ್ಮದು. ದಿನಾ ನೋಡಬೇಕಾದವರು ನೀವು."

ಅತ್ತೆಗೆ ಉತ್ತರ ಹೊಳೆಯಲಿಲ್ಲ. ಅಂಥದ್ದು ಯಾರೂ ನೋಡಿರಲಿಲ್ಲವಾದ್ದರಿಂದ ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಅತ್ತೆ ಮೇಜಿನ ಬಳಿ ಹೋಗಿ ಹಾಳೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದರು. ಕಾಳುಗಳನ್ನು ಬಿಟ್ಟು ಚುಕ್ಕೆಗಳನ್ನು ಮಾತ್ರ ನೋಡಿದರು. ಊರಿನ ಆ ತುದಿಯ ಮೂಲೆಮನೆಯ ಹಾಳೆಗೆ ಬಂದಾಗ ಅವರ ಕೈ ನಿಂತಿತು.

"ಇಲ್ಲಿ ಒಂಟಿ ಎಲ್ಲೇ?"

ಸೊಸೆ ಬೆರಳಿಟ್ಟು ತೋರಿಸಿದಳು. "ಇದೇ. ಈ ಮನೆಯಿಂದ ನೋಡಿದ್ರೆ ಅದು ಉಳಿದವುಗಳ ಪಕ್ಕದಲ್ಲೇ ಕಾಣುತ್ತೆ."

"ಅಂದ್ರೆ ಅದು ಒಂಟಿ ಅಲ್ಲ. ನಮ್ಮ ಕಿಟಕಿಗೆ ಹಾಗೆ ಕಾಣುತ್ತೆ, ಅಷ್ಟೇ."

"ಅಷ್ಟೇ ಅತ್ತೆ."

"ಯಾರ ಮನೆಯದು ಇದು?"

ಟೈಲರು ಕೆಮ್ಮಿದ.

ಅತ್ತೆ ಟೈಲರ ಕಡೆ ತಿರುಗಿದರು. ಪರದೆ ಗಿಡ್ಡವಾದಾಗಿನಿಂದ ಆಡದ ಮಾತನ್ನು, ಕುರ್ಚಿಯ ಕಡೆ ತಿರುಗದೆ, ನೇರವಾಗಿ ಆಡಿದರು.

"ಏನಯ್ಯಾ, ಅದು ಒಂಟಿ ಅನ್ನಿಸಿ ನನಗೆ ಸಂಕಟ ಆದಾಗ ನಿಮ್ಮನೆಗೆ ಬಂದು ಒಂದು ಗಳಿಗೆ ಕಿಟಕಿಯಲ್ಲಿ ನೋಡಿಕೊಂಡು ಹೋಗಬಹುದಾ?"

ಟೈಲರು ಎರಡು ಸಲ ಬಾಯಿ ತೆರೆದು ಮುಚ್ಚಿದ. "ಬನ್ನಿ ಅಕ್ಕಾ. ಕಾಫಿ ಕುಡಿದೇ ಹೋಗಿ. ಆದ್ರೆ ನನಗೆ ಸಾಲು ಅಂಕುಡೊಂಕಾಗಿ ಕಾಣಬೇಕು, ಅದಕ್ಕೆ ನಾನೆಲ್ಲಿಗೆ ಹೋಗಲಿ?"

ಸೊಸೆ ಆಗಲೇ ಹಾಳೆಗಳನ್ನು ಹುಡುಕುತ್ತಿದ್ದಳು. "ಔಷಧಿ ಅಂಗಡಿ ಮಹಡಿಗೆ ಹೋಗಿ ಅಣ್ಣ. ಅಲ್ಲಿಂದ ಅಂಕುಡೊಂಕೇ!"

"ಮತ್ತೆ ನನ್ನ ಜೋಡಿ ಜೋಡಿ?" ಎಂದ ಔಷಧಿ ಅಂಗಡಿಯವನು.

"ನಮ್ಮ ಲಾಡ್ಜಿನ ಎರಡನೇ ಕೋಣೆ. ಎಲ್ಲಾ ಅಲ್ಲ, ಅರ್ಧ ಜೋಡಿ ಆಗ್ತವೆ."

"ಅರ್ಧ ಸಾಕು," ಎಂದರು ಅತ್ತೆ, ಅವನ ಪರವಾಗಿ. "ಮೀನಿನವಳೇ, ನಿನ್ನ ಗಂಡನಿಗೆ ಫ್ಯಾನಿನ ನಡುವೆ ಒಂದು ಕಿಲೋಮೀಟರು ಜಾಗ ಇದೆಯಂತೆ, ಅವನ ಹೊಟ್ಟೆ ಎಷ್ಟು ಬೆಳೆದ್ರೂ ದಾಟಿ ಬರ್ತಾನೆ, ಕೂತ್ಕೋ. ಎಲ್ಲರೂ ಕೇಳ್ರಪ್ಪಾ! ಯಾರಿಗೆ ಯಾವ ಥರ ಬೇಕೋ ಆ ಮನೆಗೆ ಹೋಗಿ ನೋಡಿ. ಬಂದವರಿಗೆ ಬಾಗಿಲು ತೆಗೀಬೇಕು. ಕಂಬ ಸರಿಸೋದಕ್ಕಿಂತ ನಾವು ನಾಲ್ಕು ಹೆಜ್ಜೆ ಸರಿಯೋದು ಸುಲಭ. ಯಾರಿಗಾದ್ರೂ ಇನ್ನೂ ತಕರಾರು ಇದೆಯಾ? ಇದ್ದರೆ ನನ್ನ ಮುಖ ನೋಡಿ ಹೇಳಿ."

ಅವರ ಮುಖ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

"ಆಕ್ಷೇಪಣೆ ಇಲ್ಲ," ಎಂದು ಅಧಿಕಾರಿ ಬರೆದುಕೊಳ್ಳತೊಡಗಿದರು.

"ತಡೀರಿ ಮೇಡಂ. ಆಕ್ಷೇಪಣೆ ಇಲ್ಲ. ಷರತ್ತು ಇದೆ."

ಪೆನ್ನು ನಿಂತಿತು.

"ನಾಳೆ ಫ್ಯಾನು ಕೆಟ್ಟು ನಿಂತರೆ, ಕರಕರ ಅಂದರೆ, ದೀಪ ಕಣ್ಣಿಗೆ ಹೊಡೆದರೆ, ನಾವು ಯಾರನ್ನ ಕೇಳೋದು? ಎರಡು ದಿನದ ರೈಲು ಹತ್ತೋದಾ? ನಮ್ಮ ದೂರು ಕೇಳೋಕೆ ಕಂಪನಿಯವರು ಒಬ್ಬರು ಈ ಊರಲ್ಲೇ ಇರಬೇಕು. ಊರಲ್ಲಿ ಅಂದ್ರೆ ಕಡಲು ಕಾಣೋ ಕಟ್ಟಡದಲ್ಲಿ. ಸುಮ್ಮನೆ ಬಂದು ಹೋಗೋದಲ್ಲ, ಸಂಸಾರ ಸಮೇತ. ಫ್ಯಾನು ಎಷ್ಟು ವರ್ಷ ತಿರುಗುತ್ತೋ ಅಷ್ಟು ವರ್ಷ. ಈ ಊರಿನ ಮನೆಮನೆ ಕಿಟಕಿ ಗೊತ್ತಿರೋರೇ ಆಗಬೇಕು."

ಮುಖದಲ್ಲಿ ಆಶ್ಚರ್ಯ ಉಳಿಯದ ಆ ಹೆಂಗಸು ಮೊದಲ ಸಲ ತುಟಿ ಕಚ್ಚಿ ನಗು ತಡೆದರು. "ಅಂಥವರು ಯಾರಾದ್ರೂ ಇದ್ದಾರಾ?"

"ಹುಡುಕಿದ್ರೆ ಸಿಗಬಹುದು," ಎಂದು ಅತ್ತೆ ಗೋಡೆ ನೋಡಿದರು.

ಅನುಮತಿ ಪತ್ರ ಬಂದಾಗ ಅದರಲ್ಲಿ ಹಕ್ಕಿಗೆ, ಮೀನಿಗೆ, ದೀಪಕ್ಕೆ, ಸದ್ದಿಗೆ ಸಂಬಂಧಪಟ್ಟ ಷರತ್ತುಗಳ ನಡುವೆ ಅತ್ತೆಯದೂ ಸರ್ಕಾರಿ ಭಾಷೆಯ ಕೋಟು ತೊಟ್ಟು ಕೂತಿತ್ತು: ಕಂಪನಿಯ ಪ್ರತಿನಿಧಿಯು ಯೋಜನೆಯ ಅವಧಿ ಮುಗಿಯುವವರೆಗೆ ಕುಟುಂಬ ಸಮೇತ ಅದೇ ಊರಿನಲ್ಲಿ ವಾಸವಾಗಿರತಕ್ಕದ್ದು.

ಬಾಸಿನ ಫೋನು ಬಂತು. "ಏನ್ರೀ ಇದು? ಯೋಜನೆಯ ಅವಧಿ ಮೂವತ್ತು ವರ್ಷ! ಮೂವತ್ತು ವರ್ಷ ಅತ್ತೆ ಮನೆಯಲ್ಲೇ ಇರಬೇಕು ಅಂತ ಸರ್ಕಾರಿ ಆದೇಶ ತಗೊಂಡಿದ್ದೀರಲ್ಲ, ನಿಮಗೆ ಒಪ್ಪಿಗೆ ಇದೆಯಾ?"

"ಇದೆ ಸರ್," ಎಂದಳು ಸೊಸೆ, ಬೇಗ. ಎಲ್ಲಿ ಬದಲಾಯಿಸಿಬಿಡುತ್ತಾರೋ ಎಂದು ಇನ್ನೊಂದು ಸಲವೂ ಹೇಳಿದಳು. "ಒಪ್ಪಿಗೆ ಇದೆ ಸರ್."

ದೂರುಗಳಿಗೆಂದು ಕಂಪನಿ ಅವಳಿಗೆ ಬೇರೆಯೇ ಒಂದು ಮೊಬೈಲು ಕಳಿಸಿಕೊಟ್ಟಿತು. ಮನೆಯ ನಡುಕೋಣೆಯ ಮೇಜೇ ಆಫೀಸು. ಆ ನಂಬರನ್ನು ಕಟಿಂಗ್ ಶಾಪಿನ ಕನ್ನಡಿಗೆ ಅಂಟಿಸಿದ ಬೆಳಿಗ್ಗೆಯೇ ಮೊದಲ ಕರೆ ಬಂತು. ಸೊಸೆ ಬೆನ್ನು ನೆಟ್ಟಗೆ ಮಾಡಿ ಕೂತಳು.

"ನಮಸ್ಕಾರ, ಗಾಳಿ ವಿದ್ಯುತ್ ದೂರು ವಿಭಾಗ."

"ನಮಸ್ಕಾರ. ಕಂಪನಿಯವರಾ?" ದನಿ ಫೋನಿನಿಂದಲೂ ಅಡುಗೆಮನೆಯಿಂದಲೂ ಒಟ್ಟಿಗೆ ಬಂತು. "ನಾನು ಒಬ್ಬ ನಾಗರಿಕಳು. ನನ್ನದೊಂದು ದೂರಿದೆ."

"ಹೇಳಿ ಅಮ್ಮಾ."

"ನಮ್ಮ ಕಿಟಕಿಯಿಂದ ಎಷ್ಟು ನೋಡಿದ್ರೂ ಒಂದು ಫ್ಯಾನೂ ಕಾಣ್ತಿಲ್ಲ. ಯಾವಾಗ ನೆಡ್ತೀರಿ?"

"ಸಮಯ ಹಿಡಿಯುತ್ತೆ ಅಮ್ಮಾ. ಇನ್ನು ಕರೆಂಟಿನ ದರಕ್ಕೆ ಹರಾಜು ಆಗಬೇಕು, ಕೇಬಲ್ಲು ಹಾಕಬೇಕು, ರೆಕ್ಕೆ ತಯಾರಾಗಬೇಕು, ನೆಡೋ ಹಡಗಿಗೆ ಸರದಿ ಕಾಯಬೇಕು. ನಾಲ್ಕೈದು ವರ್ಷ ಆಗುತ್ತೆ."

"ಅಲ್ಲೀ ತನಕ ನೀವು ಇಲ್ಲೇ ಇರ್ತೀರಾ?"

"ಇರ್ತೀನಿ."

"ಆಮೇಲೆ?"

"ಆಮೇಲೂ ಇರ್ತೀನಿ."

ಆ ಕಡೆಯಿಂದ ಮೂಗು ಸೇದಿದ ಸದ್ದು ಬಂತು.

"ಸರಿ. ಈಗ ಮಾತಾಡ್ತಿರೋರು ಯಾರು ಅಂತ ತಿಳ್ಕೋಬಹುದಾ?"

"ನಿಮ್ಮ ಸೊಸೆ, ಅತ್ತೆ."

"ಹಾಂ, ಸೊಸೆಯೇ, ಇಲ್ಲಿ ಹಾಲು ಉಕ್ತಾ ಇದೆ. ಬಂದು ಒಲೆ ಆರಿಸು. ನಾನು ಫೋನಲ್ಲಿದ್ದೀನಿ."